ನೆಲವೇ ಸೊಟ್ಟ

ಜೂನ್ 3

ಡಾಕ್ಟರ್ ಹೇಳಿದರೆಂದು ಬರೆಯುತ್ತಿದ್ದೇನೆ. "ಕೋಪ ಬಂದಾಗ ಕೂಗಾಡಬೇಡಿ, ಬರೆದಿಡಿ. ಬಿ.ಪಿ. ತಾನಾಗೇ ಇಳಿಯುತ್ತೆ" ಎಂದರು. ನನಗೆ ಕೋಪವೇ ಬರುವುದಿಲ್ಲ ಎಂದೆ. ಅವರು ನನ್ನ ಹಿಂದೆ ನಿಂತಿದ್ದ ನಾದಿನಿಯ ಮುಖ ನೋಡಿದರು. ಅವಳು ಗೋಡೆಯ ಕ್ಯಾಲೆಂಡರ್ ನೋಡಿದಳು. ಅದಕ್ಕೂ ನನಗೆ ಕೋಪ ಬಂತು.

ಇವತ್ತಿನ ಕೋಪ ದರ್ಜಿಯ ಮೇಲೆ. ಹೋದ ತಿಂಗಳು ಒಯ್ದ ಬೆಂಚು ಅಲ್ಲಾಡುತ್ತದಂತೆ. ನಾನೇ ಅವರ ಅಂಗಡಿಗೆ ಹೋದೆ. ಅವರು ಬೆಂಚಿನ ಒಂದು ತುದಿಯಲ್ಲಿ ಕೂತರು, ಟಕ್. ಎದ್ದರು, ಟಕ್.

"ನಿಮ್ಮ ನೆಲ ಸೊಟ್ಟ ಇದೆ" ಎಂದೆ.

"ಅಕ್ಕಾ, ಇದೇ ನೆಲದ ಮೇಲೆ ನನ್ನ ಹೊಲಿಗೆ ಮೆಷಿನ್ ಇದೆ. ಅದು ಅಲ್ಲಾಡಲ್ವಲ್ಲ?"

"ಮೆಷಿನ್ನಿಗೆ ಕಬ್ಬಿಣದ ಕಾಲು. ಅದಕ್ಕೆ ನೆಲದ ಪರಿವೆ ಎಲ್ಲಿರುತ್ತೆ?"

ಆ ಮಾತಿನಲ್ಲಿ ಅಷ್ಟೇನೂ ಹುರುಳಿಲ್ಲವೆಂದು ನನಗೂ ಗೊತ್ತು. ಆದರೆ ಬಾಯಿ ಮುಚ್ಚಿಸಲು ಏನಾದರೂ ಹೇಳಬೇಕಿತ್ತು. ಪಾಪ, ಅವರು ರಟ್ಟು ಮಡಚಿ ಕಾಲಿನಡಿ ಇಟ್ಟುಕೊಳ್ಳುತ್ತೇನೆ ಎಂದರು. ನನ್ನ ಬೆಂಚಿಗೆ ರಟ್ಟು!

ನಮ್ಮ ವರ್ಕ್‌ಶಾಪಿನಿಂದ ಸೊಟ್ಟ ಬೆಂಚು ಹೊರಗೆ ಹೋಗಲು ಸಾಧ್ಯವೇ ಇಲ್ಲ. ಹಿಂದಿನ ಗೋಡೆಯ ಬದಿಗೆ ಮಾವನವರು ಕೂರಿಸಿದ ಕಲ್ಲಿದೆ. ಮಂಚದಷ್ಟು ದೊಡ್ಡ ಕರಿಕಲ್ಲು. ಅವರು ಕೂರಿಸಿದ ದಿನ ಅದರ ಮೇಲೆ ನೀರು ಸುರಿದರೆ ಯಾವ ಕಡೆ ಹರಿಯಬೇಕೆಂದು ತಿಳಿಯದೆ ಹಾಗೇ ನಿಂತಿತ್ತಂತೆ. ಪ್ರತಿ ಬೆಂಚೂ ಕೊನೆಗೆ ಆ ಕಲ್ಲನ್ನು ಹತ್ತಬೇಕು. ಹಲಗೆಯಲ್ಲಿ ಮರದ ಬುಡವಿದ್ದ ತುದಿ ಗೋಡೆಯ ಕಡೆಗೆ, ನೆತ್ತಿಯ ತುದಿ ಬಾಗಿಲ ಕಡೆಗೆ, ಯಾವತ್ತೂ ಹಾಗೇ. ನಾಲ್ಕು ಮೂಲೆ ಒತ್ತಿ ನೋಡಬೇಕು. ಸದ್ದು ಮಾಡಿದರೆ ಉದ್ದವಾದ ಕಾಲನ್ನು ಸವರಿ ಗಿಡ್ಡ ಮಾಡಬೇಕು, ಸುಮ್ಮನಿದ್ದರೆ ಪಾಸು. ಮದುವೆಯಾಗಿ ಬಂದವಳಿಗೆ ಮಾವನವರು ಕೀಸುಳಿ ಕೈಗಿತ್ತು ಮೊದಲು ತೋರಿಸಿದ್ದು ಈ ಕಲ್ಲನ್ನೇ.

ಕೆಟ್ಟಿರುವುದು ಮರ. ಈಚೆಗೆ ಕಲ್ಲಿನ ಮೇಲೆ ಯಾವ ಬೆಂಚು ನಿಲ್ಲಿಸಿದರೂ ಗೋಡೆ ಕಡೆಯ ಅದೇ ಒಂದು ಕಾಲು ಕಲ್ಲಿಗೆ ತಾಗದೆ ನಿಲ್ಲುತ್ತದೆ. ಅಕ್ಕಪಕ್ಕದ ಕಾಲುಗಳನ್ನು ಸವರಿ ಸರಿಮಾಡುವಷ್ಟರಲ್ಲಿ ಸಾಕುಸಾಕಾಗುತ್ತದೆ. ಮರದ ಅಂಗಡಿಯವನು ಹಸಿ ಮರ ತಳ್ಳುತ್ತಿದ್ದಾನೆ. ನಾಳೆ ಅವನಿಗಿದೆ.

ಬರೆದಾಯಿತು. ಬಿ.ಪಿ. ಇಳಿದಂತೆ ಕಾಣೆ.

ಜೂನ್ 8

ಪಕ್ಕದ ಸೈಟಿನ ಕಂಟ್ರಾಕ್ಟರ್ ಬಂದಿದ್ದ. ಮುಖದಲ್ಲಿ ಸದಾ ನಗು, ನಿದ್ದೆಯಲ್ಲೂ ನಗುತ್ತಾನೋ ಏನೋ. ನಾನಿಟ್ಟ ಹೆಸರು ನಗುಮೋರೆ. ಮೇ ತಿಂಗಳ ಮೊದಲ ವಾರದಿಂದ ನಮ್ಮ ಹಿಂದಿನ ಗೋಡೆಗೆ ಒತ್ತಿಕೊಂಡೇ ನೆಲಮಾಳಿಗೆಗೆಂದು ಗುಂಡಿ ತೋಡಿಸುತ್ತಿದ್ದಾನೆ. ಅವನ ಯಂತ್ರ ಶುರುವಾದರೆ ನಮ್ಮ ಉಳಿಗಳೆಲ್ಲ ಗೂಟದಲ್ಲೇ ಗಡಗಡ ನಡುಗುತ್ತವೆ.

"ಅಮ್ಮಾ, ಈ ಹಳೇ ಕಟ್ಟಡ ಇಟ್ಕೊಂಡು ಏನ್ಮಾಡ್ತೀರಾ? ನನಗೆ ಕೊಟ್ಬಿಡಿ. ಊರಾಚೆ ಒಳ್ಳೇ ಶೆಡ್ ಹಾಕಿಸಿಕೊಡ್ತೀನಿ."

"ನಿಮ್ಮ ಹೊಸಾ ಕಟ್ಟಡ ನನಗೆ ಕೊಟ್ಬಿಡಿ. ಊರಾಚೆ ಕೂತ್ಕೊಳ್ಳೋಕೆ ನಿಮಗೊಂದು ಒಳ್ಳೇ ಬೆಂಚು ಮಾಡಿಕೊಡ್ತೀನಿ."

ಇನ್ನೂ ಜೋರಾಗಿ ನಕ್ಕ. ಇಂಥವರ ಹತ್ತಿರ ಜಗಳ ಆಡುವುದೇ ಕಷ್ಟ, ಮಣ್ಣುದುರುವ ಗೋಡೆಗೆ ಮೊಳೆ ಹೊಡೆದರೆ ಹಿಡಿಯುವುದೇ ಇಲ್ಲವಲ್ಲ ಹಾಗೆ.

ಗಂಡನಿಗೆ ಫೋನ್ ಮಾಡಿ ಹೇಳಿದೆ. ಲಾರಿ ಓಡಿಸುವವರು, ಮನೆಗಿಂತ ರಸ್ತೆಯಲ್ಲೇ ಹೆಚ್ಚು. "ನೀನೂ ನನ್ನ ತಂಗೀನೂ ಸೇರಿ ಏನಾದ್ರೂ ಮಾಡ್ಕೊಳ್ಳಿ, ನಿಮ್ಮಿಬ್ಬರ ಮಧ್ಯ ನಾನು ಬರಲ್ಲ" ಎಂದರು. ನಾನೂ ಅವರ ತಂಗಿಯೂ ಸೇರಿ ಏನು ಮಾಡುವುದು? ಅವಳು ಉಪ್ಪುಕಾಗದ ಉಜ್ಜುತ್ತಾಳೆ, ಪಾಲಿಶ್ ಹಚ್ಚುತ್ತಾಳೆ. ಬಾಯಿ ಬಿಡುವುದು ಊಟಕ್ಕೆ ಮಾತ್ರ. ಬೆಂಚು ಮಾಡುವವಳು ನಾನು, ಜಗಳ ಆಡುವವಳೂ ನಾನೇ.

ಈ ಜಾಗ ಬಿಟ್ಟು ನಾನು ಎಲ್ಲಿಗೂ ಹೋಗುವುದಿಲ್ಲ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕಿತ್ತು.

ಜೂನ್ 12

ಇವತ್ತು ಕೋಪವಿಲ್ಲ, ಆದರೂ ಬರೆಯಬೇಕೆನ್ನಿಸಿತು. ಲೈಬ್ರರಿಯ ಮೇಡಂ ಬಂದಿದ್ದರು. ಓದುವ ಹಾಲಿಗೆ ಹೊಸ ಗ್ರಾನೈಟ್ ನೆಲ ಹಾಕಿಸಿದ್ದಾರಂತೆ, ಅದಕ್ಕೆ ತಕ್ಕ ಬೆಂಚುಗಳು ಬೇಕಂತೆ. ಮೊದಲು ಮೂರು, ಹಿಡಿಸಿದರೆ ಇನ್ನೂ ಮೂರು.

ಕಾಯುವವರ ಬೆಂಚು ಬೇರೆ, ಓದುವವರ ಬೆಂಚು ಬೇರೆ. ಕಾಯುವವರು ಗಳಿಗೆಗೊಮ್ಮೆ ಏಳುತ್ತಾರೆ. ಓದುವವರು ಏಳುವುದಿಲ್ಲ, ಜಾರುತ್ತಾರೆ. ನಾದಿನಿಯ ಕೈಗೆ ಒಂದು ಪುಸ್ತಕ ಕೊಟ್ಟು ಹಳೆಯ ಬೆಂಚಿನ ಮೇಲೆ ಕೂರಿಸಿ ನೋಡಿದೆ. ನಾಲ್ಕು ಪುಟ ಓದುವಷ್ಟರಲ್ಲಿ ಸೊಂಟ ಮುಂದಕ್ಕೆ ಬಂತು, ಎಂಟು ಪುಟಕ್ಕೆ ಕತ್ತು ಬೆನ್ನುಹಲಗೆಗೆ ಒರಗಿತು. ಆಮೇಲೆ ನಿದ್ದೆಯೇ ಹೋದಳು. ಹಾಗಾಗಿ ಕೂರುವ ಹಲಗೆಯನ್ನು ಹಿಂದಕ್ಕೆ ಒಂಚೂರು ಇಳಿಜಾರು ಮಾಡುತ್ತೇನೆ. ಮುಂದಿನ ಅಂಚನ್ನು ಚೆನ್ನಾಗಿ ಉರುಟು ಮಾಡುತ್ತೇನೆ, ತೊಡೆ ಜೋಮು ಹಿಡಿಯಬಾರದು. ಮೊಳೆಯಿಲ್ಲ, ಸ್ಕ್ರೂ ಇಲ್ಲ. ಕಾಲಿನ ತುದಿ ಹಲಗೆಯ ತೂತಿನಲ್ಲಿ ಕೂತು ಮೇಲಿನಿಂದ ಬೆಣೆ ಹೊಡೆದರೆ ಆನೆ ಕೂತರೂ ಜಗ್ಗಬಾರದು.

ಎದ್ದಮೇಲೆ ನಾದಿನಿ "ಕಥೆ ಚೆನ್ನಾಗಿತ್ತು ಅತ್ತಿಗೆ" ಎಂದಳು. ನಗು ತಡೆಯಲಾಗಲಿಲ್ಲ.

ಜೂನ್ 19

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಿಂದ ಫೋನು. ಹೋದ ವಾರ ಕಳಿಸಿದ ಬೆಂಚು ಅಲ್ಲಾಡುತ್ತದಂತೆ. "ಹಲ್ಲು ಅಲ್ಲಾಡ್ತಿದೆ ಅಂತ ಬಂದವರಿಗೆ ಬೆಂಚೂ ಅಲ್ಲಾಡಿದ್ರೆ ಹೇಗಮ್ಮಾ?" ಎಂದು ಆ ಕಾಂಪೌಂಡರ್ ತಮಾಷೆ ಮಾಡುತ್ತಾನೆ. ನಿಮ್ಮ ನೆಲ ಸೊಟ್ಟ ಎಂದು ಹೇಳಿ ಫೋನಿಟ್ಟೆ.

ಒಂದು ಊರಿನಲ್ಲಿ ಎಷ್ಟು ನೆಲ ಸೊಟ್ಟ ಇರಬಹುದು? ಬೇಕರಿಯವನಿಗೆ ಏಪ್ರಿಲ್‌ನಲ್ಲಿ ಮಾಡಿಕೊಟ್ಟ ಬೆಂಚಿನ ಮೇಲೆ ದಿನವಿಡೀ ಜನ ಕೂತಿರುತ್ತಾರೆ, ಒಂದು ಟಕ್ ಎಂದದ್ದಿಲ್ಲ. ಅವನು ನೆಲ ಸರಿಯಾಗಿ ಹಾಕಿಸಿದ್ದಾನೆ, ಅಷ್ಟೇ.

ನಾದಿನಿ ಏನೋ ಹೇಳಲು ಬಂದಳು. "ಅತ್ತಿಗೆ, ಕಲ್ಲು..." ಎಂದಳು. "ಕಲ್ಲಿಗೇನಾಗಿದೆ?" ಎಂದು ಕೇಳಿದ್ದಕ್ಕೆ "ಗುಡಿಸಬೇಕು, ಮರದ ಹೊಟ್ಟು ಬಿದ್ದಿದೆ" ಎಂದು ಪೊರಕೆ ತರಲು ಹೋದಳು. ಗುಡಿಸುವುದಕ್ಕೂ ನನ್ನ ಅಪ್ಪಣೆ ಬೇಕೇ?

ಜೂನ್ 20

ಮರದ ಅಂಗಡಿ ಬದಲಾಯಿಸಿದೆ. ಹೊಸ ಅಂಗಡಿಯ ಮರವೂ ಹಸಿ. ಅದೇ ಕಾಲು ಗಿಡ್ಡ.

ಜುಲೈ 1

ಬಂದು ಕೂತವಳೇ ಬರೆಯುತ್ತಿದ್ದೇನೆ, ಚಪ್ಪಲಿಯನ್ನೂ ಬಿಟ್ಟಿಲ್ಲ. ಅಕ್ಷರ ಸೊಟ್ಟ ಬಂದರೆ ಬರಲಿ.

ಲೈಬ್ರರಿಗೆ ಮೂರೂ ಬೆಂಚು ಒಯ್ದೆವು. ಇಷ್ಟು ಚಂದದ ಬೆಂಚುಗಳನ್ನು ನಾನು ಹಿಂದೆಂದೂ ಮಾಡಿರಲಿಲ್ಲ. ಬೆಣ್ಣೆಯಂಥ ಅಂಚು. ಮೇಡಂ ಕೈಯಾಡಿಸಿ "ವಾಹ್" ಎಂದರು. ಹಾಲಿನ ತುಂಬ ಓದುವವರು, ಸೂಜಿ ಬಿದ್ದರೂ ಕೇಳಿಸುವಷ್ಟು ನಿಶ್ಶಬ್ದ. ಮೇಡಂ ಕೂತರು.

ಟಕ್.

ಹಾಲಿನ ಅಷ್ಟೂ ತಲೆಗಳು ಮೇಲೆದ್ದವು. ಮೇಡಂ ಸರಿದು ಕೂತರು, ಟಕ್. ಎರಡನೆಯ ಬೆಂಚು, ಟಕ್. ಮೂರನೆಯದಂತೂ ಟಕಾರ್ ಎಂದಿತು. ಓದುತ್ತಿದ್ದ ಮುದುಕರೊಬ್ಬರು ಶ್ ಎಂದರು. ಬೆಂಚಿಗೆ ಹೇಳಿದರೋ ನನಗೆ ಹೇಳಿದರೋ.

"ನಿಮ್ಮ ಗ್ರಾನೈಟ್ ಸೊಟ್ಟ ಕೂರಿಸಿದ್ದಾರೆ" ಎಂದೆ.

ಮೇಡಂ ಒಳ್ಳೆಯವರು, ದನಿ ಏರಿಸಲಿಲ್ಲ. ಹಿಂಬದಿಯಲ್ಲಿ ಕೆಲಸ ಮಾಡುತ್ತಿದ್ದ ಗಾರೆಯವನನ್ನು ಕರೆಸಿದರು. ಅವನು ರಸಮಟ್ಟ ತಂದು ನೆಲದ ಮೇಲಿಟ್ಟ. ಗಾಜಿನೊಳಗಿನ ಗುಳ್ಳೆ ಸರಿಯಾಗಿ ನಡುವೆ ನಿಂತಿತು. ಜಾಗ ಬದಲಾಯಿಸಿ ಇಟ್ಟ. ಅಲ್ಲೂ ನಡುವೆ.

"ನಿನ್ನ ರಸಮಟ್ಟ ಕೆಟ್ಟಿದೆ" ಎಂದೆ.

ಗಾರೆಯವನು ಮೇಡಂ ಮುಖ ನೋಡಿದ. ಮೇಡಂ ನಾದಿನಿಯ ಮುಖ ನೋಡಿದರು. ಊರಿನವರೆಲ್ಲ ನನ್ನನ್ನು ಬಿಟ್ಟು ಅವಳ ಮುಖ ಯಾಕೆ ನೋಡುತ್ತಾರೆ? "ಬೆಂಚು ಇಲ್ಲೇ ಇರಲಿ. ತಿಂಗಳ ಕೊನೆಯೊಳಗೆ ಸರಿ ಮಾಡಿಕೊಡಿ, ಆಮೇಲೆ ಮುಂದಿನ ಮಾತು" ಎಂದರು ಮೇಡಂ. ಸರಿ ಮಾಡಲು ಏನಿದೆ? ಸರಿಯಾಗಿದ್ದದ್ದನ್ನೇ ತಂದಿದ್ದೇನೆ. ಹಾಗೆಂದು ಹೇಳಿ ಹೊರಗೆ ಬಂದೆ. ಮೆಟ್ಟಿಲಿಳಿಯುವಾಗ ಒಳಗಿನಿಂದ ಇನ್ನೊಂದು ಟಕ್ ಕೇಳಿಸಿತು.

ಜುಲೈ 3

ಬಟನ್ ಹಾಕಿಸಲು ದರ್ಜಿಯ ಅಂಗಡಿಗೆ ಹೋಗಿದ್ದೆ. ಇಬ್ಬರು ಬೆಂಚಿನ ಮೇಲೆ ಕೂತಿದ್ದರು, ಒಬ್ಬ ಎದ್ದು ಹೋದ. ಸದ್ದೇ ಇಲ್ಲ. ಬಗ್ಗಿ ನೋಡಿದೆ, ಕಾಲಿನಡಿ ರಟ್ಟೂ ಇಲ್ಲ.

"ನೆಲ ಸರಿ ಮಾಡಿಸಿದ್ರಾ?" ಎಂದು ಕೇಳಿದೆ.

"ಇಲ್ಲಕ್ಕಾ. ನಿಮ್ಮ ನಾದಿನಿ ಬಂದು ಒಂದು ಕಾಲು ಒಂಚೂರು ಕೊಯ್ದು ಸರಿ ಮಾಡಿ ಹೋದ್ರಲ್ಲ. ನೀವೇ ಕಳಿಸಿದ್ರಿ ಅಂದ್ಕೊಂಡೆ."

ಮೈಯೆಲ್ಲ ಉರಿದುಹೋಯಿತು. ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಅವಳು ಪಾಲಿಶ್ ಬಟ್ಟೆ ಹಿಂಡುತ್ತಿದ್ದಳು.

"ನನ್ನ ಬೆಂಚಿನ ಕಾಲು ಕೊಯ್ಯೋಕೆ ನೀನ್ಯಾರೇ?"

ಅವಳು ತಲೆಯೆತ್ತಲಿಲ್ಲ. "ಹಲ್ಲಿನ ಡಾಕ್ಟರ ಹತ್ರಾನೂ ಹೋಗಿದ್ದೆ" ಎಂದಳು.

"ನಾಲ್ಕು ಜನರೆದುರು ನನ್ನ ಮಾನ ಕಳೆಯೋಕೆ ಎಷ್ಟು ದಿನದಿಂದ ಕಾಯ್ತಿದ್ದೆ?"

"ಮಾನ ಉಳಿಸೋಕೇ ಹೋಗಿದ್ದು ಅತ್ತಿಗೆ." ಈಗ ತಲೆಯೆತ್ತಿದಳು, ಕಣ್ಣಲ್ಲಿ ನೀರು. "ಕಲ್ಲು ಸರಿಯಿಲ್ಲ. ನಂಗೆ ಗೊತ್ತಾಗಿ ಒಂದು ತಿಂಗಳಾಯ್ತು. ಅದು ನಮ್ಮಪ್ಪನ ಕಲ್ಲು. ಅದನ್ನ ಸುಳ್ಳು ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ. ನಿಮ್ಮೆದುರಿಗಂತೂ ಮೊದಲೇ ಬರಲ್ಲ."

ಇನ್ನೂ ಏನೇನೋ ಅಂದೆ. ಬರೆಯುವಂಥ ಮಾತುಗಳಲ್ಲ.

ಜುಲೈ 4

ಅವಳ ಮಾತು ಸುಳ್ಳೆಂದು ತೋರಿಸಲೆಂದೇ ಬೆಳಗ್ಗೆ ಒಂದು ಚೊಂಬು ನೀರು ತೆಗೆದುಕೊಂಡು ಹೋದೆ. ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ಕಲ್ಲಿನ ನಡುವೆ ಸುರಿದೆ.

ನೀರು ಒಂದು ಕ್ಷಣವೂ ನಿಲ್ಲಲಿಲ್ಲ. ದಾರಿ ಗೊತ್ತಿದ್ದವರ ಹಾಗೆ ನೇರವಾಗಿ ಗೋಡೆ ಕಡೆಯ ಮೂಲೆಗೆ ಹೋಯಿತು. ಅಲ್ಲಿ ಮಡುಗಟ್ಟುತ್ತದೆ ಎಂದುಕೊಂಡರೆ ಅದೂ ಇಲ್ಲ, ಮಾಯವಾಯಿತು. ಮಂಡಿಯೂರಿ ಉಳಿಯ ತುದಿಯಿಂದ ಕೆರೆದೆ. ಹೊಟ್ಟು, ಗೋಂದು, ಪಾಲಿಶ್ ಸೇರಿ ಗಟ್ಟಿಯಾಗಿದ್ದ ಕೊಳೆ ಎದ್ದು ಬಂತು. ಅದರಡಿಯಲ್ಲಿ ಬಿರುಕು. ಕಲ್ಲು ಓರೆಯಾಗಿ ಸೀಳಿ, ಆ ಮೂಲೆ ಕೆಳಗಿಳಿದಿದೆ. ಬಿರುಕು ಹಾಗೇ ಮುಂದುವರಿದು ಗೋಡೆಯನ್ನೂ ಹತ್ತಿದೆ, ಹಲಗೆಗಳನ್ನು ಒರಗಿಸಿಟ್ಟಿದ್ದರಿಂದ ಕಂಡಿರಲಿಲ್ಲ.

ಗೋಡೆಯಾಚೆ ನಗುಮೋರೆಯ ಯಂತ್ರ ಶುರುವಾಯಿತು. ಬಿರುಕಿನೊಳಗಿಂದ ಸಣ್ಣಗೆ ಮಣ್ಣು ಉದುರಿತು.

ಅಂದರೆ ಇಷ್ಟು ದಿನ ಸರಿಯಾಗಿ ಮಾಡಿದ ಬೆಂಚುಗಳನ್ನು ತಂದು ಈ ಕಲ್ಲಿನ ಮೇಲಿಟ್ಟು, ನನ್ನ ಕೈಯಾರೆ ಸೊಟ್ಟ ಮಾಡಿ ಕಳಿಸಿದ್ದೇನೆ. ಮರ ಹಸಿಯಲ್ಲ. ದರ್ಜಿಯ ನೆಲ ಸೊಟ್ಟವಲ್ಲ. ನಾನು ನಿಂತ ನೆಲವೇ ಕುಸಿಯುತ್ತಿತ್ತು.

ಅತ್ತುಬಿಟ್ಟೆ. ಮಾವನವರು ಹೋದಾಗಲೂ ಇಷ್ಟು ಅತ್ತಿರಲಿಲ್ಲ. ನಾದಿನಿ ಪಕ್ಕದಲ್ಲಿ ಕೂತು ಪಾಲಿಶ್ ಬಟ್ಟೆಯಿಂದಲೇ ಮುಖ ಒರೆಸಿದಳು. ಮುಖವೆಲ್ಲ ಉರಿಯುತ್ತಿದೆ.

ಜುಲೈ 5

ವರ್ಕ್‌ಶಾಪಿನ ಬಾಗಿಲು ತೆಗೆಯಲಿಲ್ಲ.

ಜುಲೈ 9

ನಗರಸಭೆಯ ಎಂಜಿನಿಯರನ್ನು ನಾನೇ ಕರೆಸಿದೆ. ಕನ್ನಡಕ ಒರೆಸುತ್ತಲೇ ಇರುವ ಮನುಷ್ಯ. ಗೋಡೆ ತಟ್ಟಿ ನೋಡಿದರು, ಬಿರುಕಿಗೆ ಬೆರಳು ತೂರಿಸಿದರು. "ಹಿಂದಿನ ಗೋಡೆ ಇಳೀತಾ ಇದೆಯಮ್ಮ. ಇದರೊಳಗೆ ಕೆಲಸ ಮಾಡೋದು ಅಪಾಯ. ತಿಂಗಳ ಕೊನೆಯೊಳಗೆ ಖಾಲಿ ಮಾಡಬೇಕಾಗುತ್ತೆ."

"ಗುಂಡಿ ತೋಡಿದವರನ್ನ ಬಿಟ್ಟು ನಾನ್ಯಾಕೆ ಖಾಲಿ ಮಾಡ್ಲಿ?"

ನಗುಮೋರೆಯೂ ಬಂದು ನಿಂತಿದ್ದ. "ಸಾರ್, ಇದು ಓಬೀರಾಯನ ಕಾಲದ ಬಿರುಕು. ನಾನು ಈ ಸೈಟಿಗೆ ಕಾಲಿಡೋಕೆ ಮುಂಚೆನೇ ಇತ್ತು. ಪಾಪ, ಅಮ್ಮಾವರಿಗೆ ಬೇಜಾರಾಗಿದೆ. ನಾನು ಶೆಡ್ ಹಾಕಿಸಿಕೊಡ್ತೀನಿ ಅಂತ ಆಗ್ಲೇ ಹೇಳಿದ್ದೀನಿ."

ಎಂಜಿನಿಯರ್ ನನ್ನನ್ನು ಕೇಳಿದರು. "ಇವರು ಅಗೆಯೋಕೆ ಶುರುಮಾಡಿದ ಮೇಲೆ ಇಳೀತು ಅನ್ನೋದಕ್ಕೆ ನಿಮ್ಮ ಹತ್ರ ಏನಾದ್ರೂ ಇದೆಯಾ? ಮುಂಚಿನ ಫೋಟೋ, ಏನಾದ್ರೂ? ಇದ್ರೆ ನಾಳೇನೇ ಇವರ ಕೆಲಸ ನಿಲ್ಲಿಸ್ತೀನಿ. ಗೋಡೆಗೆ ಅಡಿಪಾಯಾನೂ ಇವರ ಕೈಲೇ ಕಟ್ಟಿಸ್ತೀನಿ."

ಹಿಂದಿನ ಗೋಡೆಗೆ ಯಾರು ಫೋಟೋ ತೆಗೆಸುತ್ತಾರೆ? ನಾನು ಮದುವೆಯಲ್ಲೇ ಸರಿಯಾಗಿ ಫೋಟೋ ತೆಗೆಸಿಕೊಂಡವಳಲ್ಲ.

ಜುಲೈ 10

ಬೆಳಗ್ಗೆ ನಾದಿನಿ ಒಂದು ಬಿಸ್ಕತ್ ಡಬ್ಬಿ ತಂದು ನನ್ನ ಮುಂದಿಟ್ಟಳು. ಒಳಗೆ ಎರಡೇ ಎರಡು ಮರದ ಬಿಲ್ಲೆ. ಕಾಲುಗಳಿಂದ ಕೊಯ್ದ ಚೂರುಗಳು.

"ಬಿಸಾಡೋಕೆ ಮನಸ್ಸು ಬರ್ಲಿಲ್ಲ ಅತ್ತಿಗೆ. ಇದು ದರ್ಜಿಯವರದ್ದು. ಇದು ಹಲ್ಲಿನ ಡಾಕ್ಟರದ್ದು."

ದರ್ಜಿಯದು ಉಗುರಿನಷ್ಟು ತೆಳ್ಳಗೆ, ಡಾಕ್ಟರದು ನಾಣ್ಯದಷ್ಟು ದಪ್ಪ. ಎರಡೂ ಅದೇ ಕಾಲಿನವು, ಬುಡದ ತುದಿಯ ಗೋಡೆ ಕಡೆಯವು. ಕಲ್ಲಿನ ಮೇಲೆ ಗಿಡ್ಡವಾಗಿ ಕಂಡದ್ದು ಅವರ ನೆಲದ ಮೇಲೆ ಉದ್ದ. ಲೈಬ್ರರಿಯ ಬೆಂಚುಗಳನ್ನು ಕೊಯ್ದರೆ ಇನ್ನೂ ದಪ್ಪ ಬರುತ್ತದೆ. ಬೇಕರಿಯದು ಗುಂಡಿಗೆ ಮುಂಚಿನದು, ಅದರಲ್ಲಿ ಬಿಲ್ಲೆಯೇ ಇಲ್ಲ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆ ಕಲ್ಲು ಎಷ್ಟೆಷ್ಟು ಇಳಿಯಿತೋ ಅಷ್ಟಷ್ಟನ್ನೂ ನಾವು ಬೆಂಚು ಮಾಡಿ ಊರಿಗೆ ಹಂಚಿದ್ದೇವೆ.

ಆದರೆ ಇದನ್ನು ತೋರಿಸಬೇಕೆಂದರೆ ಎಲ್ಲರೆದುರು ನಿಂತು ನನ್ನ ಬೆಂಚು ಸೊಟ್ಟ ಎಂದು ನಾನೇ ಹೇಳಬೇಕು. ಡಬ್ಬಿಯ ಮುಚ್ಚಳ ಮುಚ್ಚಿ ಆಚೆ ಸರಿಸಿದೆ. ನೆಟ್ಟಗಿನ ಬೆಂಚು ಮಾಡುವವಳು, ನನಗಿರುವುದು ಅದೊಂದೇ ಹೆಸರು.

ನಾದಿನಿಗೆ ಅರ್ಥವಾಯಿತು. "ಬೇಡ ಅಂದ್ರೆ ಬೇಡ ಬಿಡಿ. ಒಲೆಗೆ ಹಾಕಿಬಿಡ್ತೀನಿ" ಎಂದು ಡಬ್ಬಿಗೆ ಕೈಹಾಕಿದಳು.

"ಮುಟ್ಟಿದ್ರೆ ಕೈ ಮುರೀತೀನಿ" ಎಂದೆ.

ಜುಲೈ 12

ಬೆಂಚು ಕೇಳಲು ಊರೆಲ್ಲ ಸುತ್ತಿದೆವು. ಬೇಕರಿಯವನು ಬೆಂಚಿನ ಜೊತೆ ಬನ್ನೂ ಕೊಟ್ಟ. ಹಲ್ಲಿನ ಡಾಕ್ಟರ್ ಒಂದು ದಿನಕ್ಕೆ ಎಂದರೆ ಕೊಡುತ್ತೇನೆ ಎಂದರು. ಲೈಬ್ರರಿ ಮೇಡಂಗೆ ಕಥೆಯೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು "ಒಂದು ಬೆಂಚು ಸಾಕಾ? ಮೂರೂ ಒಯ್ಯಿರಿ" ಎಂದರು. ಒಂದೇ ಸಾಕೆಂದೆ.

ದರ್ಜಿಯ ಅಂಗಡಿಯ ಹೊಸ್ತಿಲಲ್ಲಿ ಕಾಲು ನಿಂತುಬಿಟ್ಟಿತು. ಅವರು ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದು, "ಏನಕ್ಕಾ, ನಮ್ಮ ನೆಲ ಹೇಗಿದೆ ನೋಡೋಕೆ ಬಂದ್ರಾ?" ಎಂದರು.

"ನೆಲ ನೆಟ್ಟಗಿದೆ. ಸೊಟ್ಟ ನಾನೇ."

ಅವರು ಅಷ್ಟಕ್ಕೇ ಬಿಡುತ್ತಾರೆ ಎಂದುಕೊಂಡಿದ್ದೆ. "ಇನ್ನೊಂದ್ಸಲ ಹೇಳಿ, ಮೆಷಿನ್ ಸದ್ದಿಗೆ ಸರಿಯಾಗಿ ಕೇಳಿಸ್ಲಿಲ್ಲ" ಎಂದರು. ಮೆಷಿನ್ ನಿಂತೇ ಇತ್ತು! ನಾದಿನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಇನ್ನೊಂದು ಸಲ ಹೇಳಿದೆ. ಆಮೇಲೆ ಅವರೇ ಬೆಂಚಿನ ಒಂದು ತುದಿ ಹಿಡಿದು ಗಾಡಿಗೆ ಏರಿಸಿದರು.

ಜುಲೈ 14

ಬೆಳಗ್ಗೆ ನಗರಸಭೆಯ ಪಡಸಾಲೆಯಲ್ಲಿ ನಾಲ್ಕು ಬೆಂಚುಗಳನ್ನು ಸಾಲಾಗಿ ನಿಲ್ಲಿಸಿದೆವು. ಬೇಕರಿಯದು, ದರ್ಜಿಯದು, ಹಲ್ಲಿನ ಡಾಕ್ಟರದು, ಲೈಬ್ರರಿಯದು. ಕೊಯ್ದಿದ್ದ ಎರಡು ಬಿಲ್ಲೆಗಳನ್ನು ಮತ್ತೆ ಅದದೇ ಕಾಲಿಗೆ ಗೋಂದು ಹಚ್ಚಿ ಅಂಟಿಸಿದ್ದೆವು. ಕೆಲಸಕ್ಕೆ ಬಂದ ಜನ ಕೂರಲು ಹೋದರೆ ನಾದಿನಿ "ಕೂರಬೇಡಿ, ಸಾಕ್ಷಿ" ಎಂದು ಗದರುತ್ತಿದ್ದಳು. ಅವಳಿಗೆ ಗದರಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಎಂಜಿನಿಯರ್ ಬಂದರು. ನಗುಮೋರೆಯನ್ನೂ ಕರೆಸಿದ್ದರು. ಸುತ್ತ ಜನ.

"ಸಾರ್, ಒಂದೊಂದರ ಮೇಲೂ ಕೂತು ಏಳಿ" ಎಂದೆ.

ಬೇಕರಿ ಬೆಂಚು, ಸದ್ದಿಲ್ಲ. ದರ್ಜಿಯದು, ಟಕ್. ಡಾಕ್ಟರದು, ಟಕ್ ಟಕ್. ಲೈಬ್ರರಿಯದರ ಮೇಲೆ ಕೂತಾಗ ಕನ್ನಡಕ ಮೂಗಿನ ತುದಿಗೆ ಜಾರಿತು. ಜನ ಹೋ ಎಂದರು.

"ಈ ಪಡಸಾಲೆ ನೆಲವೇ ಸೊಟ್ಟ ಇರಬೇಕು ಸಾರ್" ಎಂದ ನಗುಮೋರೆ.

ನನ್ನದೇ ಮಾತು! ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಎಷ್ಟು ಅಸಹ್ಯವಾಗಿತ್ತು. ಎಂಜಿನಿಯರ್ ಲೈಬ್ರರಿಯ ಬೆಂಚನ್ನು ತಿರುಗಿಸಿ ಇಟ್ಟು ಕೂತರು. ಬೇಕರಿ ಬೆಂಚಿದ್ದ ಜಾಗಕ್ಕೆ ಎಳೆದು ಮತ್ತೆ ಕೂತರು. ಎಲ್ಲಿಟ್ಟರೂ ಟಕ್.

"ಹಂಗಾದ್ರೆ ಅಮ್ಮಾವರ ಕೆಲಸಾನೇ ಸೊಟ್ಟ." ನಗುಮೋರೆ ಜನರ ಕಡೆ ತಿರುಗಿ ನಕ್ಕ. "ಬೆಂಚು ಮಾಡೋಕೆ ಬರಲ್ಲ ಅಂದ್ರೆ ಅದಕ್ಕೂ ನನ್ನ ಗುಂಡಿನೇ ಕಾರಣಾನಾ?"

ಆ ಕ್ಷಣದಲ್ಲಿ ಎಲ್ಲರೂ ನನ್ನ ಮುಖವನ್ನೇ ನೋಡಿದರು.

"ಹೌದು, ಸೊಟ್ಟ" ಎಂದೆ. ಲೈಬ್ರರಿಯ ಬೆಂಚಿನ ಮೇಲೆ ಕೈಯಿಟ್ಟೆ. "ಮೂರೂ ನಾನೇ ಮಾಡಿದ್ದು, ಮೂರೂ ಸೊಟ್ಟ. ನಮ್ಮ ಮಾವನವರ ಕಲ್ಲಿನ ಮೇಲಿಟ್ಟು ಮಾಡಿದ್ದು, ಅದಕ್ಕೇ ಸೊಟ್ಟ. ಆದ್ರೆ ನೋಡಿ, ಎಲ್ಲದರಲ್ಲೂ ಒಂದೇ ಕಾಲು ಸೊಟ್ಟ. ಒಂದೇ ಮೂಲೆಗೆ ಸೊಟ್ಟ. ನೀವು ಅಗೆಯೋಕೆ ಮುಂಚೆ ಮಾಡಿದ್ದು ನೆಟ್ಟಗಿದೆ. ಅಗೆಯೋಕೆ ಶುರುಮಾಡಿದ ಮೇಲೆ ಉಗುರಿನಷ್ಟು. ಇನ್ನೂ ಆಳ ಹೋದ ಮೇಲೆ ನಾಣ್ಯದಷ್ಟು. ಕೆಲಸ ಬರದೋರಿಗೆ ಇಷ್ಟು ಅಚ್ಚುಕಟ್ಟಾಗಿ ಸೊಟ್ಟ ಮಾಡೋಕಾಗುತ್ತಾ? ನಿಮಗೆ ಬರುತ್ತಾ? ಮಾಡಿ ತೋರಿಸಿ!"

ಎಂಜಿನಿಯರ್ ಮಂಡಿಯೂರಿ ಬಿಲ್ಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಯಾವ ಬೆಂಚು ಯಾವಾಗ ಕೈಸೇರಿತೆಂದು ಬೇಕರಿಯವನನ್ನೂ ದರ್ಜಿಯನ್ನೂ ಕಾಂಪೌಂಡರನ್ನೂ ಕೇಳಿದರು. ನಗುಮೋರೆಯನ್ನು ಅಗೆತ ಶುರುವಾದ ದಿನ ಕೇಳಿದರು. ಅವನು ಮೊದಲ ಸಲ ನಗುವುದನ್ನು ಮರೆತ. ನಗುವಿಲ್ಲದ ಮುಖದಲ್ಲಿ ಗುರುತೇ ಸಿಗಲಿಲ್ಲ.

ಎದ್ದು ನಿಂತು ಎಂಜಿನಿಯರ್ ನನ್ನನ್ನು ಮೆಲ್ಲಗೆ ಕೇಳಿದರು. "ಇಷ್ಟು ದಿನ ನಿಮಗೆ ಅನುಮಾನಾನೇ ಬರ್ಲಿಲ್ವಾ ಅಮ್ಮಾ?"

"ನನಗೆ ಬರಲಿಲ್ಲ. ಇವಳಿಗೆ ಬಂದಿತ್ತು" ಎಂದು ನಾದಿನಿಯನ್ನು ಮುಂದಕ್ಕೆ ಎಳೆದೆ. ಅವಳು ಕ್ಯಾಲೆಂಡರ್ ಹುಡುಕಿದಳು. ಆ ಗೋಡೆಯಲ್ಲಿ ಕ್ಯಾಲೆಂಡರ್ ಇರಲಿಲ್ಲ.

ಜುಲೈ 15

ಪಕ್ಕದಲ್ಲಿ ಯಂತ್ರ ನಿಂತಿದೆ. ಉಳಿಗಳು ಗೂಟದಲ್ಲಿ ಸುಮ್ಮನಿವೆ.

ಆಗಸ್ಟ್ 22

ಗೋಡೆಯ ಕೆಲಸ ಮುಗಿಯಿತು. ನಗುಮೋರೆಯ ಆಳುಗಳೇ ಕಟ್ಟಿದರು, ಎಂಜಿನಿಯರ್ ಮೂರು ಸಲ ಬಂದು ನೋಡಿದರು. ನಾನು ದಿನಾ ನೋಡಿದೆ. "ಅಮ್ಮಾ, ನೀವು ಸ್ವಲ್ಪ ಆ ಕಡೆ ಹೋದ್ರೆ ಕೆಲಸ ಬೇಗ ಆಗುತ್ತೆ" ಎಂದು ಮೇಸ್ತ್ರಿ ಹೇಳಿದ. ಹೋಗಲಿಲ್ಲ.

ಕಲ್ಲು ಬದಲಾಯಿಸಬೇಕಿತ್ತು. ಒಡೆದ ಕಲ್ಲನ್ನು ಬಿಸಾಡಲು ಇಬ್ಬರಿಗೂ ಮನಸ್ಸಿಲ್ಲ. ಅದನ್ನು ಬಾಗಿಲ ಮುಂದೆ ಮೆಟ್ಟಿಲಾಗಿ ಹಾಕೋಣ ಎಂದು ನಾದಿನಿ ಹೇಳಿದಳು, ಹಾಗೇ ಹಾಕಿದೆವು. ಹೊಸ ಕಲ್ಲು ಕೂರಿಸುವಾಗ ಅವಳೇ ನೀರು ಸುರಿದಳು. ನೀರು ನಿಂತಿತು. ಆದರೂ ಇನ್ನು ಮೇಲೆ ತಿಂಗಳಿಗೊಮ್ಮೆ ನೀರು ಹಾಕಿ ನೋಡಬೇಕು ಎಂದಳು. ಮಾವನವರ ಮಗಳು, ಹಟ ಮಾಡುತ್ತಾಳೆ. ಒಪ್ಪಿದೆ.

ಲೈಬ್ರರಿಯ ಆರೂ ಬೆಂಚು ಕೊಟ್ಟಾಯಿತು. ನಮ್ಮ ಬೆಂಚುಗಳ ಮೇಲೆ ಹಾಲಿನ ತುಂಬ ಜನ. ಆ ಮುದುಕರು ನಮ್ಮನ್ನು ನೋಡಿದ ಕೂಡಲೇ ಶ್ ಎಂದರು.

ಡಾಕ್ಟರ್ ಬಿ.ಪಿ. ನೋಡಿ "ಬರೀತಿದ್ದೀರಾ?" ಎಂದರು. ಎಲ್ಲಿ ಬರೆಯುವುದು, ಪುರುಸೊತ್ತೇ ಇಲ್ಲ ಎಂದೆ.

ಸೆಪ್ಟೆಂಬರ್ 6

ದರ್ಜಿ ಅಂಗಡಿಯ ಪಕ್ಕದಲ್ಲೇ ಇನ್ನೊಂದು ಕೋಣೆ ಹಿಡಿದಿದ್ದಾರೆ. ಅದಕ್ಕೂ ನಮ್ಮದೇ ಬೆಂಚು ಬೇಕೆಂದರು. ಇವತ್ತು ಒಯ್ದೆವು. ಹೊಸ ಟೈಲ್ಸ್. "ದುಡ್ಡು ಯಾಕೆ ಕೊಡ್ಬೇಕು ಅಂತ ಪೂರ್ತಿ ನಾನೇ ಕೂತು ಹಾಕ್ದೆ ಅಕ್ಕಾ. ಹೇಗಿದೆ?" ಎಂದು ಎದೆಯುಬ್ಬಿಸಿ ನಿಂತರು. ಬೆಂಚು ಇಳಿಸಿದೆವು. ಕೂತರು.

ಟಕ್.

ಅವರ ಮುಖ ಇಷ್ಟೇ ಇಷ್ಟಾಯಿತು. ನಾದಿನಿ ಚೀಲದಿಂದ ರಸಮಟ್ಟ ತೆಗೆದು ಸದ್ದಿಲ್ಲದೆ ನೆಲದ ಮೇಲಿಟ್ಟಳು. ಈಗ ಅದನ್ನು ಜೊತೆಯಲ್ಲೇ ಇಟ್ಟುಕೊಂಡಿರುತ್ತಾಳೆ. ಗುಳ್ಳೆ ಒಂದೇ ಓಟಕ್ಕೆ ತುದಿಗೆ ಹೋಗಿ ಕೂತಿತು. ಇನ್ನೊಂದು ಕಡೆ ಇಟ್ಟಳು, ಇನ್ನೊಂದು ತುದಿಗೆ ಓಡಿತು. ನಾವಿಬ್ಬರೂ ನೋಡಿದೆವು. ಅವಳು ರಸಮಟ್ಟವನ್ನು ಮತ್ತೆ ಚೀಲಕ್ಕೆ ಹಾಕಿದಳು.

"ಅಕ್ಕಾ, ನೆಲ ಏನಾದ್ರೂ..." ಎಂದರು ದರ್ಜಿ.

"ನೆಲ ಚೆನ್ನಾಗೇ ಇದೆ. ಬೆಂಚಿನ ಒಂದು ಕಾಲು ಒಂಚೂರು ಉದ್ದ ಆಗಿದೆ" ಎಂದೆ. ನಾದಿನಿ ಬೆಂಚು ಹಿಡಿದುಕೊಂಡಳು, ನಾನು ಗರಗಸ ಹಾಕಿದೆ. ಅವರು ಕೂತರು, ಎದ್ದರು, ಮತ್ತೆ ಕೂತರು. ಸದ್ದಿಲ್ಲ. ಮುಖ ಅರಳಿತು. "ನಾನು ಹೆದರಿಬಿಟ್ಟಿದ್ದೆ" ಎಂದರು.

ಬರುವ ದಾರಿಯುದ್ದಕ್ಕೂ ಬಾಯಿ ಬಿಗಿಹಿಡಿದುಕೊಂಡು ಬಂದಿದ್ದೇನೆ. ಯಾರಿಗೂ ಹೇಳುವುದಿಲ್ಲ. ಆದರೆ ಇಲ್ಲಿ ಬರೆಯದಿದ್ದರೆ ನನ್ನ ಬಿ.ಪಿ. ಏರುವುದು ಖಂಡಿತ. ಬೆಂಚು ನೆಟ್ಟಗಿತ್ತು. ನಾನು ನೋಡಿದ್ದೇನೆ, ಸಾಕ್ಷಿಗೆ ನಾದಿನಿ ಇದ್ದಾಳೆ. ಆ ದರ್ಜಿಯ ನೆಲ ಸೊಟ್ಟ.